ಕುರಿಯ ಹಲ್ಲು ಕಲಿಸಿದ ಪಾಠ

ಮಕ್ಕಳೇ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುವ ಅಜ್ಜ ಅಜ್ಜಿಯರೇ,

ಈ ವಾರ ನಿಮಗೊಂದು ಪ್ರವಾಸದ ಕಥೆ ಹೇಳುತ್ತೇನೆ. ಅದರ ಕೊನೆಯಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಮೇಷ್ಟ್ರುಗಳು ಮಕ್ಕಳ ತಪ್ಪು ತಿದ್ದುವುದು ದಿನನಿತ್ಯದ ಮಾತು, ತಮ್ಮ ತಪ್ಪು ಹೇಳಿಕೊಳ್ಳುವುದು ಅಪರೂಪ. ಹಾಗಾಗಿ ಕೊನೆಯವರೆಗೂ ಓದಿ.

ನಾನು 36 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆಯ ಹಳ್ಳಿಗಳ ನೀರು ಕುಡಿದಿದ್ದೇನೆ. ಹಡಗಲಿಯ ಮಲ್ಲಿಗೆ, ಬೊಮ್ಮನಹಳ್ಳಿ ಕಡೆಯ ತುಂಗಭದ್ರೆಯ ಹಿನ್ನೀರು, ಬಾಗಳಿಯ ಕಲ್ಲೇಶ್ವರ ಗುಡಿಗೆ ಮಕ್ಕಳನ್ನು ಕರೆದುಕೊಂಡು ಹೋದದ್ದು, ಎಲ್ಲ ನೆನಪಿದೆ. ಯಾವ ಊರಲ್ಲಿದ್ದರೂ ವರ್ಷಕ್ಕೊಮ್ಮೆ ಜ್ವಾಲಾಮುಖಿ ಪಾಠ ಬರುತ್ತಿತ್ತು. ಬೋರ್ಡಿನ ಮೇಲೆ ಒಂದು ಗುಡ್ಡ ಬರೆದು, ತುದಿಗೆ ತೂತು ಮಾಡಿ, ಕೆಂಪು ಸೀಮೆಸುಣ್ಣದಲ್ಲಿ ಬೆಂಕಿ ಹರಿಸುತ್ತಿದ್ದೆ. "ನಮ್ಮ ಕಡೆ ಇದ್ಯಾವುದೂ ಇಲ್ಲ, ಹೆದರಬ್ಯಾಡ್ರಿ" ಎಂದು ಪಾಠ ಮುಗಿಸುತ್ತಿದ್ದೆ. ನಾನೂ ಯಾವ ಜ್ವಾಲಾಮುಖಿಯನ್ನೂ ಕಂಡವನಲ್ಲ.

ಕಂಡದ್ದು 2022ರ ಜುಲೈಯಲ್ಲಿ. ಮಗಳು ಅಳಿಯ ನೆದರ್‌ಲ್ಯಾಂಡ್ಸ್‌ನಲ್ಲಿದ್ದಾರೆ. ನಾನು, ನನ್ನಾಕೆ ಅಲ್ಲಿಗೆ ಹೋಗಿದ್ದಾಗ ಏಳು ವರ್ಷದ ಮೊಮ್ಮಗಳಿಗೆ ಶಾಲೆಯ ರಜೆ. "ಅಪ್ಪಾ, ಎಂಟು ದಿನ ಐಸ್‌ಲ್ಯಾಂಡ್‌ಗೆ ಹೋಗೋಣ. ಹೋಟೆಲಿಲ್ಲ, ಕ್ಯಾಂಪರ್ ಗಾಡಿಯಲ್ಲೇ ಊಟ, ಅಲ್ಲೇ ನಿದ್ದೆ" ಎಂದಳು ಮಗಳು.

ಕ್ಯಾಂಪರ್ ಎಂದರೆ ವ್ಯಾನಿನೊಳಗೊಂದು ಮನೆ. ಹಿಂದೆ ಮಲಗುವ ಹಾಸಿಗೆ, ನಡುವೆ ಎರಡು ಒಲೆಯ ಗ್ಯಾಸ್ ಸ್ಟವ್, ಒಂದು ಪುಟ್ಟ ಫ್ರಿಜ್, ನೀರಿನ ತೊಟ್ಟಿ, ಚಳಿಗೆ ಹೀಟರ್. ನನ್ನಾಕೆ ಒಮ್ಮೆ ಒಳಗೆಲ್ಲ ಇಣುಕಿ ನೋಡಿ, "ಇದರಾಗೇನೈತಿ ಹೊಸದು? ಕೊಟ್ಟೂರು ತೇರಿಗೆ ನಾವು ಕಮಾನು ಬಂಡಿ ಕಟ್ಟಿಕೊಂಡು ಹೋಗ್ತಿದ್ದಿಲ್ಲೇನು?" ಎಂದಳು. ನಿಜ. ಬಂಡಿಯಲ್ಲೇ ರೊಟ್ಟಿ ಬುತ್ತಿ, ಬಂಡಿಯ ಕೆಳಗೇ ನಿದ್ದೆ. ಎತ್ತಿನ ಬದಲು ಇಲ್ಲಿ ಡೀಸೆಲ್, ಅಷ್ಟೇ. ಅವಳು ಬುತ್ತಿಯನ್ನೂ ಮರೆತಿರಲಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದು ಚೀಲ ಮಂಡಕ್ಕಿ.

ಐಸ್‌ಲ್ಯಾಂಡ್ ಉತ್ತರ ಅಟ್ಲಾಂಟಿಕ್ ಸಾಗರದ ದ್ವೀಪ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜನ ಮಾತ್ರ ನಾಲ್ಕು ಲಕ್ಷವೂ ಇಲ್ಲ. ಜುಲೈ ಅವರಿಗೆ ಬೇಸಿಗೆ, ಆದರೂ ಹಗಲಿನಲ್ಲೇ ಹತ್ತು ಹನ್ನೆರಡು ಡಿಗ್ರಿ. ರಾತ್ರಿ ಹನ್ನೊಂದಾದರೂ ಸೂರ್ಯ ಮುಳುಗುವುದಿಲ್ಲ. ಮೊಮ್ಮಗಳನ್ನು ಮಲಗಿಸುವುದೇ ಕಷ್ಟ. "ಅಜ್ಜಾ, ಇನ್ನೂ ಬೆಳಕೈತಿ, ನಾನ್ಯಾಕೆ ಮಲಗಬೇಕು?" ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಗಾಡಿ ಕೊಟ್ಟವರು ಮೊದಲು ಹೇಳಿದ್ದು ಗಾಳಿಯ ವಿಷಯ. ಬಾಗಿಲು ತೆರೆಯುವಾಗ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಗಾಳಿ ಬಾಗಿಲನ್ನೇ ಮುರಿಯುತ್ತದೆ ಎಂದರು. ದ್ವೀಪವನ್ನು ಸುತ್ತುವ ಹೆದ್ದಾರಿಯ ಉದ್ದ 1,300 ಕಿಲೋಮೀಟರಿಗೂ ಹೆಚ್ಚು. ಅದರ ಸುತ್ತು ಪೂರ್ತಿಯಾದದ್ದು 1974ರಲ್ಲಿ. ನಾವು ದಕ್ಷಿಣದ ಭಾಗವನ್ನಷ್ಟೇ ನೋಡಿದೆವು. ಅಲ್ಲಲ್ಲಿ ಒಂದೇ ಗಾಡಿ ಹಿಡಿಸುವ ಸೇತುವೆಗಳು. ಮೊದಲು ಬಂದವರು ಮೊದಲು ದಾಟಬೇಕು, ಎದುರಿನವರು ಕಾಯಬೇಕು. ಯಾರೂ ಹಾರ್ನ್ ಹೊಡೆಯುವುದಿಲ್ಲ. ರಸ್ತೆ ಬಿಟ್ಟು ಗಾಡಿ ಇಳಿಸುವಂತಿಲ್ಲ, ಅದು ಅಪರಾಧ. ಅಲ್ಲಿನ ಕಲ್ಲಿನ ಮೇಲೆ ಬೆಳೆದ ಪಾಚಿ ಒಮ್ಮೆ ಹಾಳಾದರೆ ಮತ್ತೆ ಬೆಳೆಯಲು ಎಷ್ಟೋ ವರ್ಷ ಬೇಕು.

ಮೊದಲು ಕಂಡದ್ದು ಥಿಂಗ್‌ವೆಟ್ಲಿರ್. ಇಲ್ಲಿ ಭೂಮಿಯ ಎರಡು ದೊಡ್ಡ ಶಿಲಾಫಲಕಗಳು, ಒಂದು ಅಮೆರಿಕದ ಕಡೆಯದು, ಇನ್ನೊಂದು ಯುರೋಪಿನ ಕಡೆಯದು, ಪರಸ್ಪರ ದೂರ ಸರಿಯುತ್ತಿವೆ. ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರ್. ಹೀಗೆ ಬಿರುಕು ಬಿಟ್ಟ ಕಡೆಯಿಂದಲೇ ಕರಗಿದ ಕಲ್ಲು ಮೇಲೆ ಬಂದು ಈ ದ್ವೀಪವಾದದ್ದು. ಬೋರ್ಡಿನ ಮೇಲೆ ನಾನು ಬರೆಯುತ್ತಿದ್ದ ಗುಡ್ಡ, ತೂತು ಇಲ್ಲಿ ಕಾಣಲಿಲ್ಲ. ನೆಲವೇ ಉದ್ದಕ್ಕೆ ಸೀಳಿತ್ತು.

ಆಮೇಲೆ ಜಲಪಾತಗಳು. ಎಷ್ಟೆಂದು ಹೇಳಲಿ! ರಸ್ತೆಯ ಪಕ್ಕದ ಪ್ರತಿ ಬೆಟ್ಟದಿಂದಲೂ ಒಂದು ಬಿಳಿ ದಾರ ಇಳಿಬಿದ್ದಂತೆ ನೀರು. ಸೇಲ್ಯಾಲಾಂದ್ಸ್‌ಫಾಸ್ ಸುಮಾರು 60 ಮೀಟರ್ ಎತ್ತರ. ಅದರ ಹಿಂಬದಿಗೇ ನಡೆದುಹೋಗಿ ನೀರಿನ ಪರದೆಯೊಳಗಿಂದ ಹೊರಗೆ ನೋಡಬಹುದು. ಸ್ಕೋಗಾಫಾಸ್ ಕೂಡ ಅಷ್ಟೇ ಎತ್ತರ, 25 ಮೀಟರ್ ಅಗಲ. ಎತ್ತರದಲ್ಲಿ ನಮ್ಮ ಜೋಗವೇ ಬಹಳ ದೊಡ್ಡದು, 253 ಮೀಟರ್. ಆದರೆ ಜೋಗ ಮಳೆಗಾಲದ ರಾಜ. ಇವು ಹಿಮನದಿ ಕರಗಿದ ನೀರು, ಬೇಸಿಗೆಯಿಡೀ ಸುರಿಯುತ್ತವೆ.

ಗುಟ್ಲ್‌ಫಾಸ್ ಎಂಬ ಜಲಪಾತದ ಬಳಿ ಒಬ್ಬ ಹೆಂಗಸಿನ ಸ್ಮಾರಕವಿದೆ. ಸಿಗ್ರಿದುರ್ ಎಂಬ ರೈತನ ಮಗಳು. ನೂರು ವರ್ಷಗಳ ಹಿಂದೆ ಆ ಜಲಪಾತವನ್ನು ವಿದ್ಯುತ್ತಿಗಾಗಿ ಕಟ್ಟಿಹಾಕಲು ಹೊರಟಾಗ ಬರಿಗಾಲಲ್ಲೇ ರಾಜಧಾನಿ ರೇಕ್ಯಾವಿಕ್‌ವರೆಗೆ ನಡೆದು ಹೋಗಿ ದೂರು ಕೊಟ್ಟಳೆಂದು ಅಲ್ಲಿಯ ಜನ ಹೇಳುತ್ತಾರೆ. ಅವಳ ಪರವಾಗಿ ವಾದಿಸಿದ ವಕೀಲರು ಮುಂದೆ 1944ರಲ್ಲಿ ಐಸ್‌ಲ್ಯಾಂಡಿನ ಮೊದಲ ಅಧ್ಯಕ್ಷರಾದರು. ಜಲಪಾತ ಇಂದಿಗೂ ಸ್ವತಂತ್ರವಾಗಿ ಧುಮುಕುತ್ತಿದೆ.

ನನ್ನಾಕೆ ಮಾತ್ರ ಎಲ್ಲ ಜಲಪಾತದ ಮುಂದೆಯೂ ಒಂದೇ ಮಾತು ಹೇಳುತ್ತಿದ್ದಳು. "ಏನ್ರೀ, ಇದರಾಗ ಒಂದನ್ನ ಕೂಡ್ಲಿಗಿಗೆ ತಿರುಗಿಸಂಗಿದ್ರೆ!" ಅವಳ ತವರು ಕೂಡ್ಲಿಗಿ ಕಡೆ. ಮದುವೆಗೆ ಮುಂಚೆ ದಿನಕ್ಕೆ ಆರು ಕೊಡ ನೀರು ಹೊತ್ತವಳು. ಕ್ಯಾಂಪಿನ ನಲ್ಲಿಯ ನೀರನ್ನು ಶೋಧಿಸದೆ ಹಾಗೆಯೇ ಕುಡಿಯಬಹುದು ಎಂದಾಗ ಅವಳು ನಂಬಲಿಲ್ಲ. ಕುಡಿದ ಮೇಲೆ, "ಸಿಹಿ ಐತಿ" ಎಂದು ಸಿಕ್ಕ ಬಾಟಲಿಗಳನ್ನೆಲ್ಲ ತುಂಬಿಸಿಟ್ಟಳು.

ಸ್ಕೋಗಾಫಾಸ್ ಎದುರಿನ ಕ್ಯಾಂಪಿನಲ್ಲಿ ಒಂದು ಘಟನೆ ನಡೆಯಿತು. ಕಟಕ ರೊಟ್ಟಿ ಕಡಿಯುತ್ತಿದ್ದ ಮೊಮ್ಮಗಳು ಒಮ್ಮೆಲೇ ಚೀರಿದಳು. ಅಲ್ಲಾಡುತ್ತಿದ್ದ ಹಾಲುಹಲ್ಲು ರೊಟ್ಟಿಯ ಜೊತೆ ಬಂದಿತ್ತು! ಅಜ್ಜಿಗೆ ಸಂಭ್ರಮ. ನಮ್ಮಲ್ಲಿ ಬಿದ್ದ ಹಲ್ಲನ್ನು ಸಗಣಿಯೊಳಗಿಟ್ಟು ಮಾಳಿಗೆ ಮೇಲೆ ಎಸೆಯುತ್ತೇವಲ್ಲ? ಇಲ್ಲಿ ಮಾಳಿಗೆ ಎಲ್ಲಿ? "ಗಾಡಿ ಮ್ಯಾಲೆ ಒಗೀ" ಎಂದಳು ಅಜ್ಜಿ. ಸಗಣಿಯ ಬದಲು ಪಕ್ಕದ ಹುಲ್ಲಿನಲ್ಲಿ ಬಿದ್ದಿದ್ದ ಕುರಿ ಹಿಕ್ಕೆ ನೋಡಿದಳು. ಅದಕ್ಕೆ ಮಗಳು ಒಪ್ಪಲಿಲ್ಲ. ಕೊನೆಗೆ ಬರೀ ಹಲ್ಲನ್ನೇ ಕ್ಯಾಂಪರ್ ಮೇಲೆ ಎಸೆದದ್ದಾಯಿತು. ಐಸ್‌ಲ್ಯಾಂಡಿನ ಗಾಳಿ ಅದನ್ನು ಎಲ್ಲಿಗೆ ಒಯ್ದಿತೋ ಗೊತ್ತಿಲ್ಲ.

ಮರುದಿನ ವೀಕ್ ಊರಿನ ಬಳಿಯ ಕಪ್ಪು ಮರಳಿನ ಕಡಲತೀರ. ಲಾವಾ ಕಲ್ಲು ಪುಡಿಯಾಗಿ ಆದ ಮರಳು, ಇದ್ದಿಲ ಪುಡಿಯಂತೆ. ಅಲೆಗಳು ಅಲ್ಲಿ ಬಹಳ ಅಪಾಯಕಾರಿ. ಹೇಳದೆ ಕೇಳದೆ ದೂರದವರೆಗೆ ನುಗ್ಗಿ ಜನರನ್ನು ಎಳೆದೊಯ್ಯುತ್ತವೆ. ಹಾಗಾಗಿ ದೂರವೇ ನಿಂತಿದ್ದೆವು. ಮೊಮ್ಮಗಳು ತೂತು ತೂತಾದ ಕರಿ ಕಲ್ಲೊಂದನ್ನು ಎತ್ತಿ ಕೇಳಿದಳು, "ಅಜ್ಜಾ, ನಿಮ್ಮೂರಾಗ ಜ್ವಾಲಾಮುಖಿ ಇಲ್ವಾ?"

36 ವರ್ಷದ ಅಭ್ಯಾಸ. "ಇಲ್ಲ ಪುಟ್ಟೀ" ಎಂದೆ.

"ಈಗ ಇಲ್ಲ ಮಾವ, ಆದ್ರೆ ಇತ್ತು" ಎಂದ ಅಳಿಯ. ಅವನು ಚಿತ್ರದುರ್ಗದ ಕಡೆಯವನು. ಅಲ್ಲಿ ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟಂತೆ ಕಾಣುವ ಬಂಡೆಗಳಿವೆ. ಲಾವಾ ನೀರಿನೊಳಗೆ ಉಕ್ಕಿ ತಕ್ಷಣ ತಣ್ಣಗಾದರೆ ಹಾಗೆ ದುಂಡಗಾಗುತ್ತದೆ. ಅದಕ್ಕೆ ದಿಂಬು ಲಾವಾ ಎಂದೇ ಹೆಸರು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಐಸ್‌ಲ್ಯಾಂಡಿನ ನೆಲದ ಮೇಲೆ ಕಾಣುವ ಅತ್ಯಂತ ಹಳೆಯ ಕಲ್ಲಿಗೆ ಎರಡು ಕೋಟಿ ವರ್ಷವೂ ಆಗಿಲ್ಲ. ನಮ್ಮ ಕಲ್ಲಿನ ಮುಂದೆ ಇದು ತೊಟ್ಟಿಲ ಕೂಸು.

"ಕೂಡ್ಲಿಗಿ, ಗುಡೇಕೋಟೆ ಕಡೆಯ ಬಂಡೆಗಳೂ ಒಂದು ಕಾಲಕ್ಕೆ ಕರಗಿದ ಕಲ್ಲೇ ಮಾವ" ಎಂದ. ಕರಗಿದ ಕಲ್ಲು ಹೊರಗೆ ಹರಿದು ಬೇಗ ತಣ್ಣಗಾದರೆ ಹರಳು ಕಟ್ಟಲು ಸಮಯ ಸಿಗುವುದಿಲ್ಲ. ಮೊಮ್ಮಗಳ ಕೈಯ ಕಲ್ಲಿನಂತೆ ನುಣ್ಣಗೆ ಕರ್ರಗೆ ಉಳಿಯುತ್ತದೆ. ನೆಲದ ಆಳದಲ್ಲೇ ಲಕ್ಷಾಂತರ ವರ್ಷ ನಿಧಾನವಾಗಿ ತಣ್ಣಗಾದರೆ ದಪ್ಪ ದಪ್ಪ ಹರಳು ಕಟ್ಟುತ್ತದೆ. ಅದೇ ಗ್ರಾನೈಟ್. ಒಂದು ಲಾವಾ, ಒಂದು ಗ್ರಾನೈಟ್, ಎರಡೂ ಒಂದೇ ಬೆಂಕಿಯ ಮಕ್ಕಳು. ನನ್ನ ಪಾಠ ಅಲ್ಲಿಗೆ ಅರ್ಧ ಸುಳ್ಳಾಯಿತು.

ಉಳಿದರ್ಧ ಸುಳ್ಳಾದದ್ದು ಮರುದಿನ ಸಂಜೆ, ಕಿರ್ಕ್ಯುಬೈಯಾರ್‌ಕ್ಲೌಸ್ತುರ್ ಎಂಬ ಊರಲ್ಲಿ. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗಿಬರಬಹುದು! ಅಲ್ಲಿಯವರೂ ಕ್ಲೌಸ್ತುರ್ ಎಂದಷ್ಟೇ ಕರೆಯುತ್ತಾರೆ. ಅಲ್ಲಿಗೆ ಹೋಗುವ ದಾರಿಯ ಎರಡೂ ಬದಿ ಕಣ್ಣು ಹಾಯುವಷ್ಟು ದೂರ ಉಬ್ಬುತಗ್ಗಿನ ಲಾವಾ, ಮೇಲೆ ಕಂಬಳಿ ಹೊದಿಸಿದಂತೆ ಬೂದು ಹಸಿರು ಪಾಚಿ. ಎಷ್ಟು ಚಂದ ಎನ್ನುತ್ತಿದ್ದೆ. ಕ್ಯಾಂಪಿನಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತ ಮಗಳು ಪುಸ್ತಕದಿಂದ ಅದರ ಕಥೆ ಓದಿ ಹೇಳಿದಳು.

1783ರ ಜೂನ್ 8ರಂದು ಲಾಕಿ ಎಂಬಲ್ಲಿ ನೆಲ ಸುಮಾರು 25 ಕಿಲೋಮೀಟರ್ ಉದ್ದಕ್ಕೆ ಸೀಳಿತು. ಎಂಟು ತಿಂಗಳು ಬೆಂಕಿ ಹರಿಯಿತು. ಆ ಊರಿನ ಪಾದ್ರಿ ಯೋನ್ ಸ್ಟೇನ್‌ಗ್ರಿಮ್ಸನ್ ಕಂಡದ್ದನ್ನೆಲ್ಲ ಬರೆದಿಟ್ಟರು. ಜುಲೈ 20ರಂದು ಲಾವಾ ಊರ ಹತ್ತಿರ ಬಂದಾಗ ಅವರು ಜನರನ್ನು ಚರ್ಚಿನಲ್ಲಿ ಸೇರಿಸಿ ಪ್ರಾರ್ಥಿಸಿದರು. ಲಾವಾ ಊರಿಗೆ ಬರದೆ ನಿಂತಿತು. ಆದರೆ ಜನರನ್ನು ಹೆಚ್ಚಾಗಿ ಕೊಂದದ್ದು ಬೆಂಕಿಯಲ್ಲ. ಬೆಂಕಿಯ ಜೊತೆ ಬಂದ ಅನಿಲದಲ್ಲಿ ಫ್ಲೋರಿನ್ ಇತ್ತು. ಅದು ಬೂದಿಯ ಜೊತೆ, ಮಳೆಯ ಜೊತೆ ಹುಲ್ಲಿನ ಮೇಲೆ ಇಳಿಯಿತು. ಹುಲ್ಲು ತಿಂದ ಕುರಿಗಳ ಮೂಳೆಯ ಮೇಲೆ ಗಂಟು ಎದ್ದವು, ಹಲ್ಲು ಕೆಟ್ಟವು, ಮೇಯಲಾರದೆ ಸತ್ತವು. ಕುರಿ ಹೋದ ಮೇಲೆ ಜನಕ್ಕೆ ಊಟವಿಲ್ಲ. ಆ ಬರಗಾಲದಲ್ಲಿ ದೇಶದ ಐವರಲ್ಲಿ ಒಬ್ಬರಾದರೂ ಸತ್ತರು.

"ಪಾಪ, ಕುರಿ ಹಲ್ಲು ತಿಕ್ಕಿರಲಿಲ್ವಾ?" ಎಂದಳು ಮೊಮ್ಮಗಳು, ತನ್ನ ಬೊಚ್ಚು ಬಾಯಿ ಮುಟ್ಟಿಕೊಂಡು.

ಎಲ್ಲರೂ ನಕ್ಕರು. ನನ್ನ ಕೈಯಲ್ಲಿದ್ದ ಮಂಡಕ್ಕಿ ಕೈಯಲ್ಲೇ ಉಳಿಯಿತು.

ಯಾಕೆಂದರೆ ಅದೇ ಮಾತನ್ನು ನಾನು ಹೇಳಿದ್ದೆ. 1990ರ ಆಸುಪಾಸು, ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿ, ನಾಲ್ಕನೇ ತರಗತಿ. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿ. ಮಗ್ಗಿಯಲ್ಲಿ ಬಲು ಚುರುಕು. ಅವಳ ಹಲ್ಲಿನ ಮೇಲೆ ಕಂದು ಗೆರೆಗಳು. ಇಡೀ ತರಗತಿಯ ಮುಂದೆ ಅವಳನ್ನು ನಿಲ್ಲಿಸಿ, "ಹಲ್ಲು ತಿಕ್ಕಂಗಿಲ್ಲೇನವ್ವ? ನಾಳೆ ಇದ್ದಿಲಿನಾಗ ತಿಕ್ಕೊಂಡು ಬಾ" ಎಂದೆ. ಮಕ್ಕಳೆಲ್ಲ ನಕ್ಕರು. ಮರುದಿನ ಅವಳು ಒಸಡಿನಲ್ಲಿ ರಕ್ತ ಬರುವಷ್ಟು ತಿಕ್ಕಿಕೊಂಡು ಬಂದಿದ್ದಳು. ಗೆರೆ ಹೋಗಿರಲಿಲ್ಲ. ಅಂದಿನಿಂದ ಮಗ್ಗಿ ಹೇಳುವಾಗಲೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು.

ಎಷ್ಟೋ ವರ್ಷದ ಮೇಲೆ ಇಲಾಖೆಯವರು ಬಂದು ಕೆಲವು ಬೋರುಗಳ ನೀರು ಕುಡಿಯಬೇಡಿ ಎಂದಾಗ ಫ್ಲೋರೈಡ್ ಎಂಬ ಹೆಸರು ಕೇಳಿದ್ದೆ. ಕೇಳಿ ಸುಮ್ಮನಿದ್ದೆ. ಆ ಹುಡುಗಿಯ ನೆನಪಾಗಲು ನಾನು ಐಸ್‌ಲ್ಯಾಂಡಿನ ಕುರಿಯವರೆಗೆ ಹೋಗಬೇಕಾಯಿತು.

ಮಕ್ಕಳೇ, ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಗ್ರಾನೈಟ್ ಕಲ್ಲಿನಲ್ಲಿ ಮಿನುಗುವ ಕಾಗೆ ಬಂಗಾರದಂಥ ಖನಿಜಗಳಲ್ಲಿ ಸ್ವಲ್ಪ ಫ್ಲೋರೈಡ್ ಇರುತ್ತದೆ. ಐಸ್‌ಲ್ಯಾಂಡಿನಲ್ಲಿ ಮಳೆ, ಹಿಮದ ನೀರು ತೂತುಗಳಿರುವ ಹೊಸ ಕಲ್ಲಿನ ಮೂಲಕ ಬೇಗ ಹರಿದು ಹೋಗುತ್ತದೆ. ಹಾಗಾಗಿ ಅಲ್ಲಿಯ ಊಟೆಯ ನೀರು ಸಿಹಿ. ನಮ್ಮ ಕಡೆ ಮಳೆ ಕಡಿಮೆ, ಬೋರು ಬಹಳ ಆಳ. ಆಳದ ನೀರು ಹಳೆಯ ಕಲ್ಲಿನ ಬಿರುಕಿನಲ್ಲಿ ಬಹುಕಾಲ ನಿಂತು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಒಂದು ಲೀಟರ್ ನೀರಿನಲ್ಲಿ ಅದು 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ, ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗಲೇ ಕಲೆ ಕೂತುಬಿಡುತ್ತದೆ. ಹಲ್ಲು ಹೊರಗೆ ಬರುವ ಮೊದಲೇ ಆದ ಕಲೆಯನ್ನು ಯಾವ ಬ್ರಷ್ಷೂ ತೆಗೆಯದು. ಹಾಗೆಂದು ಹಲ್ಲು ತಿಕ್ಕುವುದನ್ನು ಬಿಡಬೇಡಿ, ಹುಳುಕು ತಡೆಯಲು ಅದು ಬೇಕೇ ಬೇಕು.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಮಾತು. ನೀರು ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೋ, ಪೈಪಿನಲ್ಲಿ ಬರುವ ಹೊಳೆ ನೀರನ್ನೋ, ಶುದ್ಧವಾಗಿ ಹಿಡಿದಿಟ್ಟ ಮಳೆ ನೀರನ್ನೋ ಬಳಸಿ. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದವರಿಗೆ ಕೀಲು ಬಿಗಿಯುತ್ತವೆ, ಬೆನ್ನು ನೋಯುತ್ತದೆ. ಎಲ್ಲ ಮೊಣಕಾಲು ನೋವೂ ಮುಪ್ಪಿನದೇ ಎಂದು ಸುಮ್ಮನಿರದೆ ಡಾಕ್ಟರಿಗೆ ನೀವು ಯಾವ ಬೋರಿನ ನೀರು ಕುಡಿಯುತ್ತೀರೆಂದು ಹೇಳಿ.

ಊರಿಗೆ ಮರಳಿದ ಮೇಲೆ ಒಂದು ದಿನ ಬಸ್ಸು ಹತ್ತಿ ಆ ಹಳ್ಳಿಗೆ ಹೋದೆ. ಆ ಹುಡುಗಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಈಗ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. "ಅಯ್ಯೋ ಸಾರ್, ಬರ್ರಿ ಬರ್ರಿ" ಎಂದು ಕುರ್ಚಿ ಹಾಕಿದಳು. ನಾನು ಅಂದಿನ ಮಾತು ಎತ್ತಿ, "ತಪ್ಪು ನನ್ನದಾಗಿತ್ತವ್ವ" ಎಂದೆ.

"ಅವೆಲ್ಲ ನೆಪ್ಪೇ ಇಲ್ಲ ಬಿಡ್ರಿ ಸಾರ್" ಎಂದು ನಕ್ಕಳು. ನಗುವಾಗ ಸೆರಗು ಬಾಯಿಗೆ ಅಡ್ಡ ಬಂದಿತ್ತು.

ಚಹಾ ಕುಡಿದು ಹೊರಡುವಾಗ ಒಲೆಯ ಪಕ್ಕದ ನಾಲ್ಕು ನೀಲಿ ಕ್ಯಾನ್ ಕಂಡವು. ನಾನು ನೋಡುವುದನ್ನು ನೋಡಿ ಅವಳೇ ಹೇಳಿದಳು. "ಘಟಕದ ನೀರು ಸಾರ್. ಬೋರಿನ ನೀರು ಪಾತ್ರೆ ತೊಳಿಯಾಕಷ್ಟ. ಅನ್ನಕ್ಕ, ಸಾರಿಗೆ ಎಲ್ಲ ಇದೇ ಹಾಕ್ತೀನಿ. ಹುಡುಗರ ಹಲ್ಲು ನೋಡ್ರಿ ಬೇಕಾದ್ರ."

ಅಂಗಳದಲ್ಲಿ ಊಟಕ್ಕೆ ಕೂತಿದ್ದ ಒಂದನೇ ತರಗತಿಯ ಮಕ್ಕಳನ್ನು ನೋಡಿದೆ. ಎರಡು ಮೂರು ಮಕ್ಕಳ ಮುಂದಿನ ಹಲ್ಲು ಬಿದ್ದಿತ್ತು, ಹೊಸದು ಮೊಳೆಯುತ್ತಿತ್ತು.

ನಾವು ಐಸ್‌ಲ್ಯಾಂಡಿನಿಂದ ಬಂದ ಕೆಲವೇ ದಿನಕ್ಕೆ, ಆಗಸ್ಟ್ 3ರಂದು, ವಿಮಾನ ನಿಲ್ದಾಣದ ಕಡೆಯ ಫಾಗ್ರದಾಲ್ಸ್‌ಫ್ಯಾಟ್ಲ್ ಎಂಬಲ್ಲಿ ನೆಲ ಮತ್ತೆ ಬಾಯಿ ತೆರೆಯಿತು. ಮೊಮ್ಮಗಳು ಫೋನಿನಲ್ಲಿ ವಿಡಿಯೋ ತೋರಿಸಿದಳು. ಅವಳ ಬಾಯಲ್ಲೂ ಹೊಸ ಹಲ್ಲಿನ ತುದಿ ಕಾಣುತ್ತಿತ್ತು.

ಈ ವಾರದ ಕೆಲಸ: ನಿಮ್ಮೂರಿನ ಒಂದು ಕಲ್ಲನ್ನು ತೊಳೆದು, ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಹರಳು ಕಾಣುತ್ತವೆಯೇ, ಇಲ್ಲವೇ? ಮನೆಯ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಅಜ್ಜಿಯನ್ನು ಕೇಳಿ. ಎರಡನ್ನೂ ಬರೆದು ಕಳುಹಿಸಿ. ಮತ್ತೆ, ತರಗತಿಯಲ್ಲಿ ಯಾರಾದರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರೆ ಅವರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ.

ಮುಂದಿನ ವಾರ ಸಿಗೋಣ.